ಮರುಚೀಟಿಯ ಮಾತ್ರೆಗಳು: ನಮ್ಮ ಬಡಾವಣೆಯ ಸರ್ಜರಿಯ ಸೇವೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಾನು ರಕ್ತದೊತ್ತಡದ ಮಾತ್ರೆಗಳನ್ನು ಪ್ರತಿ ತಿಂಗಳೂ ಬಡಾವಣೆಯ ಜಿಪಿ ಸರ್ಜರಿಯ (ಸಾಮಾನ್ಯ ವೈದ್ಯರ ಚಿಕಿತ್ಸಾಲಯದ) ಮೂಲಕವೇ, ಮರುಚೀಟಿಯಲ್ಲಿ, ಅಂದರೆ ಅದೇ ಔಷಧಿಗೆ ಮತ್ತೆ ಮತ್ತೆ ಬರೆಸುವ ಚೀಟಿಯಲ್ಲಿ, ಪಡೆಯುತ್ತೇನೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆ್ಯಪ್‌ನಲ್ಲಿ ಬೇಕಾದ ಔಷಧಿಯನ್ನು ಗುರುತಿಸಿ ಕೋರಿಕೆ ಸಲ್ಲಿಸಿದರೆ, ವೈದ್ಯರು ಒಪ್ಪಿದ ಬಳಿಕ ಚೀಟಿಯು ನಾವು ಮೊದಲೇ ಆರಿಸಿಟ್ಟ ಔಷಧಿ ಅಂಗಡಿಗೆ ಕಂಪ್ಯೂಟರಿನಲ್ಲೇ ತಲುಪುವುದರಿಂದ, ಕಾಗದ ಹಿಡಿದು ಅಲೆಯುವ ಕೆಲಸವಿಲ್ಲ. ಸರ್ಜರಿಯವರು ಕೇಳುವುದು ಎರಡು ಕೆಲಸದ ದಿನಗಳ ಅವಕಾಶವನ್ನಾದರೂ, ಅಂಗಡಿಯಲ್ಲಿ ಪೊಟ್ಟಣ ಸಿದ್ಧವಾಗಲು ಇನ್ನೊಂದೆರಡು ದಿನ ಹಿಡಿಯುತ್ತದೆ. ಈಸ್ಟರ್ ರಜೆಯ ಹೊತ್ತಿನಲ್ಲಿ ಇದನ್ನು ಮರೆತು ಮೂರು ದಿನ ಮಾತ್ರೆಯಿಲ್ಲದೆ ಕಳೆದೆ (ತಪ್ಪು ಅರ್ಧ ನನ್ನದೇ). ಫೋನಿನಲ್ಲಿ ಕೋರಿಕೆ ಸ್ವೀಕರಿಸುವುದಿಲ್ಲವೆಂಬ ನಿಯಮ ಮಾತ್ರ ವಯಸ್ಸಾದವರ ಪಾಲಿಗೆ ನಿರ್ದಯವೆನಿಸುತ್ತದೆ. ಪ್ರತಿ ಔಷಧಿಗೆ 2024ರ ಮೇ ತಿಂಗಳಲ್ಲಿ ನಿಗದಿಯಾದ 9.90 ಪೌಂಡ್ ಶುಲ್ಕವಿದೆ. 60 ವರ್ಷ ತುಂಬಿದವರಿಗೆ ಉಚಿತ. ವರ್ಷಕ್ಕೆ 12 ಔಷಧಿ ಪಡೆಯುವವರಿಗೂ ವರ್ಷದ ಶುಲ್ಕವನ್ನು ಒಮ್ಮೆಗೇ ಮುಂಗಡವಾಗಿ ಕಟ್ಟಿ ಪಡೆಯುವ 114.50 ಪೌಂಡಿನ ಪತ್ರವೇ ಅಗ್ಗ.