ಕೀಮೋದಲ್ಲಿ ಬಾಯಿರುಚಿ ಕೆಟ್ಟರೆ ಪರಿಮಳದ ಎಣ್ಣೆ ಬಾಯಿಗೆ ಹಾಕಬೇಡಿ

ಮನೆಯಲ್ಲಿ ಯಾರಿಗಾದರೂ ಕೀಮೋ (ಕ್ಯಾನ್ಸರ್‌ಗೆ ಕೊಡುವ ಔಷಧಿ ಚಿಕಿತ್ಸೆ) ನಡೆಯುತ್ತಿದ್ದರೆ ಇದನ್ನು ಓದಿ. ರುಚಿ ವಾಪಸ್ ಬರುತ್ತೆ ಅಂತ ಎಸೆನ್ಶಿಯಲ್ ಆಯಿಲ್ (ಗಿಡಗಳಿಂದ ತೆಗೆದ ಪರಿಮಳದ ಎಣ್ಣೆ) ಕೊಟ್ಟು, ನೀರಿಗೆ ಹಾಕಿ ಮುಕ್ಕಳಿಸಿ ಅನ್ನುವವರಿದ್ದಾರೆ. ಒಪ್ಪಬೇಡಿ.

ನನ್ನ ಅಕ್ಕನಿಗೆ ಕೀಮೋ ಶುರುವಾದ ಮೇಲೆ ಏನು ತಿಂದರೂ ನಾಣ್ಯ ಚೀಪಿದ ಹಾಗೆ ಅನ್ನಿಸುತ್ತಿತ್ತು. ಒಲೆ ಮೇಲೆ ಏನೇ ಬೇಯುತ್ತಿರಲಿ, ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದಳು. ಇದು ತುಂಬಾ ಜನರಿಗೆ ಆಗುತ್ತೆ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೀಮೋ ಹೊಡೆಯುತ್ತದೆ. ನಾಲಿಗೆಯ ರುಚಿಮೊಗ್ಗುಗಳ ಜೀವಕೋಶಗಳೂ ಸುಮಾರು 10 ದಿನಕ್ಕೊಮ್ಮೆ ಹೊಸದಾಗುವಂಥವು, ಅವಕ್ಕೂ ಏಟು ಬೀಳುತ್ತದೆ.

ಆಗ ಪರಿಚಯದವರು ಒಬ್ಬ ಅರೋಮಾಥೆರಪಿ (ಪರಿಮಳದ ಎಣ್ಣೆಗಳಿಂದ ಮಾಡುವ ಆರೈಕೆ) ಸಲಹೆಗಾರರನ್ನು ತೋರಿಸಿದರು. "ಪೂರ್ತಿ ನ್ಯಾಚುರಲ್, ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ" ಅಂತ ಪೆಪ್ಪರ್‌ಮಿಂಟ್ (ಪುದೀನ ಜಾತಿಯ) ಎಣ್ಣೆ ಕೊಟ್ಟರು. ಒಂದು ಲೋಟ ನೀರಿಗೆ ಕೆಲವು ಹನಿ ಹಾಕಿ ಮುಕ್ಕಳಿಸಬೇಕು, ಮಲಗುವ ಕೋಣೆಯಲ್ಲಿ ಡಿಫ್ಯೂಸರ್ (ಎಣ್ಣೆಯ ಪರಿಮಳ ಕೋಣೆಗೆಲ್ಲ ಹರಡುವ ಸಾಧನ) ಹಚ್ಚಿಡಬೇಕು. ಯಾವ ಕೀಮೋ ಔಷಧಿ, ಬಾಯಲ್ಲಿ ಹುಣ್ಣು ಇದೆಯಾ ಅಂತ ಒಂದು ಮಾತು ಕೇಳಲಿಲ್ಲ.

ಎಣ್ಣೆ ನೀರಲ್ಲಿ ಕರಗುವುದಿಲ್ಲ, ಅಲ್ವಾ? ಹನಿಗಳು ಮೇಲೆ ತೇಲುತ್ತಿದ್ದವು. ಲೋಟ ತುಟಿಗಿಟ್ಟ ತಕ್ಷಣ ನೀರು ಬೆರೆಯದ ಎಣ್ಣೆಯೇ ಮೊದಲು ಬಾಯಿಗೆ ಹೋಯಿತು. ಕೀಮೋದಿಂದ ಬಾಯಿಯ ಒಳಗಿನ ಚರ್ಮ ಮೊದಲೇ ತೆಳ್ಳಗಾಗಿತ್ತು. ಅಕ್ಕ ಉಗಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು. ಸಂಜೆಗೆ ತುಟಿಯ ಒಳಭಾಗ ಕೆಂಪಗೆ ಊದಿತ್ತು, ನೀರು ಕುಡಿದರೂ ಉರಿ. ಸಲಹೆಗಾರರಿಗೆ ಫೋನ್ ಮಾಡಿದರೆ "ವಿಷ ಹೊರಗೆ ಬರ್ತಿದೆ, ನಿಲ್ಲಿಸಬೇಡಿ" ಅಂದರು! ನನಗೆ ಸಿಟ್ಟು ಬಂದದ್ದು ಆ ಮಾತಿಗೆ.

ಡಾಕ್ಟರ್ ನೋಡಿ ಎಲ್ಲ ನಿಲ್ಲಿಸಿ ಅಂದರು. ಕೀಮೋದಿಂದ ಬಿಳಿ ರಕ್ತಕಣ ಕಮ್ಮಿ ಇರುವಾಗ ಬಾಯಿಯ ಗಾಯದಿಂದ ಸೋಂಕು ಒಳಗೆ ಹೋಗಬಹುದು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿಯಾದರೂ ಕಾಯದೆ ಫೋನ್ ಮಾಡಬೇಕು.

ಉರಿ ಹೋಯಿತು, ಆದರೆ ಡಿಫ್ಯೂಸರ್ ಕಾಟ ಉಳಿಯಿತು. ಕೀಮೋ ಆಗಿ ಬಂದು ವಾಕರಿಕೆಯಲ್ಲಿ ಮಲಗಿದ್ದಾಗೆಲ್ಲ ಅದೇ ವಾಸನೆ ಮೂಗಿಗೆ ಬಡಿಯುತ್ತಿತ್ತು. ಈಗ ಪುದೀನ ವಾಸನೆಯ ಟೂತ್‌ಪೇಸ್ಟ್ ಮುಚ್ಚಳ ತೆಗೆದರೂ ಅಕ್ಕನಿಗೆ ಓಕರಿಕೆ. ವಾಂತಿ ಬರುವ ಹೊತ್ತಿನ ವಾಸನೆಯನ್ನು ಮಿದುಳು ವಾಂತಿಗೇ ಗಂಟು ಹಾಕಿಬಿಡುತ್ತದೆ. ಹಾಗಾಗಿ ಇಷ್ಟದ ಪರಿಮಳ, ಇಷ್ಟದ ತಿಂಡಿ ಎರಡನ್ನೂ ಕೀಮೋ ದಿನ ದೂರ ಇಡುವುದೇ ಒಳ್ಳೆಯದು.

ಸುಮ್ನೆ ಮೂಸಿ ನೋಡುವುದೆಲ್ಲ ಕೆಟ್ಟದ್ದು ಅಂತಲ್ಲ. ಕೆಲವರಿಗೆ ಶುಂಠಿಯದೋ ನಿಂಬೆಯದೋ ಪರಿಮಳದಿಂದ ವಾಕರಿಕೆ ಸ್ವಲ್ಪ ತಗ್ಗುತ್ತದೆ. ಡಾಕ್ಟರಿಗೆ ಹೇಳಿ, ಬಟ್ಟೆಯ ಮೇಲೆ ಒಂದು ಹನಿ ಹಾಕಿ ನೋಡಬಹುದು. ಬೇಡ ಅನ್ನಿಸಿದರೆ ಬಟ್ಟೆ ಆಚೆ ಇಡಬಹುದು, ಕೋಣೆ ತುಂಬಿದ ವಾಸನೆಯನ್ನು ಏನು ಮಾಡುತ್ತೀರಿ? ನೀಲಗಿರಿ, ಕರ್ಪೂರದ ಎಣ್ಣೆ ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ಮಕ್ಕಳಿರುವ ಮನೆಯಲ್ಲಂತೂ ಬಾಟಲಿ ಕೈಗೆ ಸಿಗಬಾರದು.

ಅಕ್ಕನಿಗೆ ನೆರವಾಗಿದ್ದು ಸಾದಾ ಉಪಾಯಗಳು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧ ಉಪ್ಪು ಹಾಕಿ ಊಟಕ್ಕೆ ಮುಂಚೆ ಮುಕ್ಕಳಿಸುವುದು. ಸ್ಟೀಲ್ ಚಮಚದ ಬದಲು ಮರದ್ದು. ಬಿಸಿ ಊಟದ ವಾಸನೆ ಜಾಸ್ತಿ, ಅದಕ್ಕೆ ಆರಿಸಿ ತಿನ್ನುವುದು. ರುಚಿ ಹೆಚ್ಚಿನವರಿಗೆ ಚಿಕಿತ್ಸೆ ಮುಗಿದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗೇ ಮರಳುತ್ತದೆ. ಅಲ್ಲಿಯವರೆಗೆ ತೂಕ ಇಳಿಯುತ್ತಿದ್ದರೆ ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಹೋಗಿ.