ಮಾಗಡಿ ಕೆರೆ ದಡದಲ್ಲಿ ಮೂರು ಐಪೀಸ್

ನನ್ನ ಸ್ಪಾಟಿಂಗ್ ಸ್ಕೋಪಿಗೆ, ಅಂದರೆ ದೂರದ ಹಕ್ಕಿ ನೋಡಲು ಟ್ರೈಪಾಡಿನ ಮೇಲಿಡುವ ದುರ್ಬೀನಿಗೆ, ಈಗ ಮೂರು ಐಪೀಸ್ (ಕಣ್ಣಿಡುವ ಕಡೆಯ, ಬಿಚ್ಚಿ ಬದಲಿಸಬಹುದಾದ ಗಾಜು) ಇವೆ. ಒಂದು, ಸ್ಕೋಪಿನ ಜತೆ ಪೆಟ್ಟಿಗೆಯಲ್ಲೇ ಬಂದ 8–24 ಮಿ.ಮೀ. ಜೂಮ್. ಇನ್ನೊಂದು, ಆಮೇಲೆ ದುಡ್ಡು ಕೂಡಿಸಿ ಕೊಂಡ ಬಾಡರ್ ಕಂಪನಿಯ ಹೈಪೀರಿಯನ್ ಜೂಮ್. ಅದೂ 8–24. ಮೂರನೆಯದು ಜೂಮ್ ಅಲ್ಲ, 24 ಮಿ.ಮೀ.ನ ವೈಡ್ ಆಂಗಲ್ ಐಪೀಸ್. ರಾತ್ರಿ ನಕ್ಷತ್ರ ನೋಡುವ ಗೆಳೆಯರೊಬ್ಬರು "ಹಕ್ಕಿಗೂ ಹಾಕಿ ನೋಡಿ" ಅಂತ ಕೊಟ್ಟರು. ಹೋದ ಚಳಿಗಾಲ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಮಾಗಡಿ ಕೆರೆಗೆ ನಾಲ್ಕು ಸಲ ಹೋಗಿ ಬಂದೆ.

ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ ಇದು. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ಕೆರೆಗೆ ಬಂದು ದಡದಲ್ಲಿ ಸಾಲಾಗಿ ಕೂರುತ್ತವೆ. ಐಪೀಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಹಕ್ಕಿ ಗುಂಪಾಗಿರುತ್ತದೆ, ಕೂತಲ್ಲೇ ಕೂತಿರುತ್ತದೆ, ಮತ್ತೆ ಬೈನಾಕ್ಯುಲರಿಗೆ ಸ್ವಲ್ಪ ದೂರವೇ ಆಗುತ್ತದೆ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ನನ್ನ ಸ್ಕೋಪಿನ ಮುಂದಿನ ಗಾಜು 65 ಮಿ.ಮೀ., ಫೋಕಲ್ ಲೆಂತ್ (ಆ ಗಾಜಿನಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ) 386 ಮಿ.ಮೀ. ಇದನ್ನು ಐಪೀಸಿನ ಮಿ.ಮೀ.ಯಿಂದ ಭಾಗಿಸಿದರೆ ಹಕ್ಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಸಿಗುತ್ತದೆ. 24ಕ್ಕೆ 16 ಪಟ್ಟು, 8ಕ್ಕೆ 48 ಪಟ್ಟು. ಅಂದರೆ ಎರಡೂ ಜೂಮ್‌ಗಳ ಅಂಕಿ ಒಂದೇ. ಅಂಗಡಿಯಲ್ಲಿ ಅಂಕಿ ಮಾತ್ರ ನೋಡಿದವರಿಗೆ ಎರಡನೆಯದಕ್ಕೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು ಅಂತ ಅರ್ಥವೇ ಆಗುವುದಿಲ್ಲ. ನನಗೂ ಆಗಿರಲಿಲ್ಲ.

ವ್ಯತ್ಯಾಸ ಇರುವುದು ಅಗಲದಲ್ಲಿ. ಜೂಮ್ ಐಪೀಸಿನ ಒಂದು ಗುಣ ಜನರಿಗೆ ಬೇಗ ಗೊತ್ತಾಗುವುದಿಲ್ಲ. ಪಟ್ಟು ಕಡಿಮೆ ಮಾಡಿದಷ್ಟೂ ಕಣ್ಣಿಗೆ ಕಾಣುವ ವೃತ್ತ ಕಿರಿದಾಗುತ್ತಾ ಹೋಗುತ್ತದೆ. ಕೊಳವೆಯೊಳಗಿಂದ ಇಣುಕಿದ ಹಾಗೆ. ಜತೆಗೆ ಬಂದ ಜೂಮ್ 48 ಪಟ್ಟಿನಲ್ಲಿ 60 ಡಿಗ್ರಿ ತೋರಿಸಿದರೆ 16 ಪಟ್ಟಿನಲ್ಲಿ 40 ಡಿಗ್ರಿ ಅಷ್ಟೇ. ಹೈಪೀರಿಯನ್‌ನಲ್ಲಿ ಅದು 68 ಮತ್ತು 48. ವೈಡ್ ಐಪೀಸಿಗೆ ಇರುವುದೊಂದೇ ಪಟ್ಟು, 16. ಅಲ್ಲೇ 68 ಡಿಗ್ರಿ. ಹಕ್ಕಿ ಹುಡುಕುವುದು ಯಾವಾಗಲೂ ಕಡಿಮೆ ಪಟ್ಟಿನಲ್ಲಿ ಅಲ್ವಾ? ಅಗಲ ಬೇಕಾದ ಜಾಗದಲ್ಲೇ ಜೂಮ್ ಕೈ ಕೊಡುತ್ತದೆ.

ದಡದ ಸಾಲನ್ನೇ ಅಳತೆಗೋಲು ಮಾಡಿಕೊಂಡೆ. ಸ್ಕೋಪ್ ಅಲ್ಲಾಡದ ಹಾಗೆ ಟ್ರೈಪಾಡ್ ಬಿಗಿ ಮಾಡಿ, ಮೂರನ್ನೂ 16 ಪಟ್ಟಿನಲ್ಲಿಟ್ಟು, ವೃತ್ತದೊಳಗೆ ಎಷ್ಟು ತಲೆ ಹಿಡಿಸುತ್ತವೆ ಅಂತ ಎಣಿಸಿದೆ. ಜತೆಗೆ ಬಂದ ಜೂಮಿನಲ್ಲಿ 19. ಹೈಪೀರಿಯನ್‌ನಲ್ಲಿ 24. ವೈಡ್ ಐಪೀಸಿನಲ್ಲಿ 31. ಕಾಗದದ ಲೆಕ್ಕವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. 300 ಮೀಟರ್ ದೂರದಲ್ಲಿ ಮೊದಲನೆಯದು ಸುಮಾರು 13 ಮೀಟರ್ ಅಗಲ ತೋರಿಸುತ್ತದೆ, ಎರಡನೆಯದು 16, ಮೂರನೆಯದು 22. ಅದೇ 48 ಪಟ್ಟಿಗೆ ಹೋದರೆ ಎರಡು ಜೂಮ್‌ಗಳ ನಡುವೆ ಒಂದು ಮೀಟರಿನಷ್ಟೂ ವ್ಯತ್ಯಾಸ ಇಲ್ಲ. ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ದೊಡ್ಡ ಅಂಕಿ ಬಿಡಿ, ಸಣ್ಣ ಅಂಕಿಯಲ್ಲಿ ಎಷ್ಟು ಅಗಲ ಕಾಣುತ್ತದೆ ಅಂತ ಕೇಳಿ.

ದುಬಾರಿ ಸ್ಕೋಪುಗಳಲ್ಲೂ ಇದೇ ಕಥೆ. ಸ್ವರೋವ್‌ಸ್ಕಿ ಎಟಿಎಸ್ ಸ್ಕೋಪಿಗೆ ಎರಡು ಜೂಮ್ ಇವೆ: 20–60 ಮತ್ತು 25–50 ವೈಡ್. ಮೊದಲನೆಯದು 20 ಪಟ್ಟಿನಲ್ಲಿ, 1000 ಮೀಟರ್ ದೂರಕ್ಕೆ, 36 ಮೀಟರ್ ಅಗಲ ತೋರಿಸುತ್ತದೆ. ಎರಡನೆಯದು 25 ಪಟ್ಟಿನಲ್ಲೂ 42 ಮೀಟರ್. ಪಟ್ಟು ಜಾಸ್ತಿ, ಆದರೂ ಅಗಲ ಜಾಸ್ತಿ.

ಹಾಗಾದರೆ ವೈಡ್ ಐಪೀಸ್ ಒಂದಿದ್ದರೆ ಸಾಕಲ್ಲ ಅಂತ ನನಗೂ ಒಂದು ದಿನ ಅನ್ನಿಸಿತ್ತು. ಎರಡನೇ ಸಲ ಹೋದಾಗ ಅದನ್ನೇ ಹಾಕಿಕೊಂಡು ದಡ ಸವರುತ್ತಿದ್ದೆ. ಸಾಲಿನ ನಡುವೆ ಒಂದು ಬಾತಿನ ಕುತ್ತಿಗೆಯಲ್ಲಿ ಹಸಿರು ಪಟ್ಟಿ ಕಂಡಿತು. ಮಂಗೋಲಿಯಾದಲ್ಲಿ ಹಕ್ಕಿ ಅಧ್ಯಯನ ಮಾಡುವವರು ಹಾಕುವ ಪಟ್ಟಿ ಅದು. ಮೇಲೆ ಅಕ್ಷರ, ಅಂಕಿ ಇರುತ್ತವೆ. ಓದಿ ತಿಳಿಸಿದರೆ ಆ ಹಕ್ಕಿ ಎಲ್ಲಿಂದ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತದೆ. ನನ್ನ ಎದೆ ಹೊಡೆದುಕೊಳ್ಳತೊಡಗಿತು. 16 ಪಟ್ಟಿನಲ್ಲಿ ಪಟ್ಟಿ ಇದೆ ಅಂತ ಕಂಡಿತೇ ಹೊರತು ಅಕ್ಷರ ಕಾಣಲಿಲ್ಲ. ತಿರುಪು ಸಡಿಲಿಸಿ, ಐಪೀಸ್ ತೆಗೆದು, ಜತೆಗೆ ಬಂದ ಜೂಮ್ ಹಾಕಿ, ಮತ್ತೆ ಫೋಕಸ್ ಮಾಡುವಷ್ಟರಲ್ಲಿ ಆ ಬಾತು ಎದ್ದು ಗುಂಪಿನ ಹಿಂದಕ್ಕೆ ಹೋಗಿತ್ತು. ಮತ್ತೆ ಹುಡುಕಲು ಇಪ್ಪತ್ತು ನಿಮಿಷ ಬೇಕಾಯಿತು. ಜೂಮ್ ಯಾಕೆ ಬೇಕು ಅಂತ ನನಗೆ ಮನದಟ್ಟಾಗಿದ್ದು ಆ ಇಪ್ಪತ್ತು ನಿಮಿಷದಲ್ಲಿ.

ಸಿಕ್ಕಿದ ಮೇಲೆ ನೋಡಿದರೆ, 48 ಪಟ್ಟಿನಲ್ಲಿ ಕೊನೆಯ ಅಂಕಿ 3 ಇರಬಹುದು, 8 ಇರಬಹುದು. ಅಂಚಿನಲ್ಲಿ ನೇರಳೆ ಬಣ್ಣದ ಗೆರೆ. ಹೈಪೀರಿಯನ್ ಹಾಕಿ 32ರಲ್ಲಿ ನಿಲ್ಲಿಸಿದೆ. ಹಕ್ಕಿ ರೆಕ್ಕೆಯ ಗರಿ ತೀಡಲು ಕುತ್ತಿಗೆ ಬಗ್ಗಿಸಿತು, ಪಟ್ಟಿ ನನ್ನ ಕಡೆ ತಿರುಗಿತು. ಅದು 3. ಎಡಗಡೆ ತೆರೆದಿರುವುದು ಸ್ಪಷ್ಟವಾಗಿ ಕಂಡಿತು. ಕಡಿಮೆ ಪಟ್ಟಿನಲ್ಲಿ ಹೆಚ್ಚು ಓದಲು ಸಿಕ್ಕಿತು ಅನ್ನುವುದನ್ನು ಗಮನಿಸಿ. ಇದರಲ್ಲಿ ಬೆಳಕಿನ ಪಾಲೂ ಇದೆ. 65 ಮಿ.ಮೀ. ಗಾಜಿನಿಂದ 48 ಪಟ್ಟಿನಲ್ಲಿ ಕಣ್ಣಿಗೆ ಬರುವ ಬೆಳಕಿನ ಕಂಬ ಸುಮಾರು 1.35 ಮಿ.ಮೀ. ದಪ್ಪ, 32ರಲ್ಲಿ 2 ಮಿ.ಮೀ. ಬೆಳಗಿನ ಮಂಕು ಬೆಳಕಿನಲ್ಲಿ ಇದು ದೊಡ್ಡ ವ್ಯತ್ಯಾಸ.

ಹೈಪೀರಿಯನ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ಮೆಟ್ಟಿಲುಗಳು. 24, 20, 16, 12, 8 ಮಿ.ಮೀ.ಗಳಲ್ಲಿ ಟಕ್ ಅಂತ ನಿಲ್ಲುತ್ತದೆ. ಕಣ್ಣು ತೆಗೆಯದೆ ಬೆರಳಲ್ಲೇ ಎಣಿಸಬಹುದು. ಜತೆಗೆ ಬಂದ ಜೂಮಿನ ಬಳೆ ಎರಡು ವರ್ಷದಲ್ಲಿ ಸಡಿಲವಾಗಿ, ಮುಟ್ಟಿದರೆ ಜಾರುತ್ತದೆ. ಪಟ್ಟು ಬದಲಿಸಿದಾಗಲೆಲ್ಲ ಫೋಕಸ್ಸೂ ಕೆಡುತ್ತದೆ.

ಹತ್ತು ಗಂಟೆ ದಾಟಿದ ಮೇಲೆ ಈ ಜಗಳವೆಲ್ಲ ತಣ್ಣಗಾಗುತ್ತದೆ. ಬಿಸಿಲಿಗೆ ನೀರಿನ ಮೇಲಿನ ಗಾಳಿ ನಡುಗಲು ಶುರುವಾಗುತ್ತದೆ. ಬಾತಿನ ತಲೆಯ ಎರಡು ಕಪ್ಪು ಪಟ್ಟೆ ಒಂದಕ್ಕೊಂದು ಕರಗಿ ಸೇರುತ್ತವೆ. ಆಗ 48 ಪಟ್ಟು ಯಾವ ಐಪೀಸಿನಲ್ಲೂ ಸುಮ್ನೆ. 24 ಪಟ್ಟಿಗೆ ಇಳಿಸಿ, ಹತ್ತಿರದ ಕೆಸರಿನ ಸಣ್ಣ ಹಕ್ಕಿಗಳನ್ನು ನೋಡುವುದು ಒಳ್ಳೆಯದು. ಲಿಟಲ್ ಸ್ಟಿಂಟ್‌ನ ಕಾಲು ಕಪ್ಪು, ಟೆಮ್ಮಿಂಕ್ಸ್ ಸ್ಟಿಂಟ್‌ನದು ಹಳದಿ. ಹೈಪೀರಿಯನ್‌ನಲ್ಲಿ ಅಷ್ಟು ಬಿಸಿಲಲ್ಲೂ ಆ ಬಣ್ಣ ಗೊತ್ತಾಯಿತು.

ಮೂರನೇ ಸಲ ಹೋದಾಗ ಹೊಲಕ್ಕೆ ಹೊರಟಿದ್ದ ಒಬ್ಬ ಹಿರಿಯರು ನಿಂತರು. "ಸರ, ನಮಗೂ ಒಂದೀಟು ತೋರಸ್ರಿ" ಅಂದರು. ಜತೆಗೆ ಬಂದ ಜೂಮ್ ಹಾಕಿತ್ತು. ಅವರು ಕಣ್ಣು ಹಿಂದೆ ಮುಂದೆ ಮಾಡಿದರು. "ಏನೂ ಕಾಣವಲ್ದು, ಬರೇ ಕರ್ರಗೈತಿ." ಸ್ಕೋಪ್ ನೋಡಿ ಅಭ್ಯಾಸ ಇಲ್ಲದವರಿಗೆ ಕಣ್ಣು ಸರಿಯಾದ ಜಾಗಕ್ಕೆ ತರುವುದೇ ಕಷ್ಟ. ವೈಡ್ ಐಪೀಸ್ ಹಾಕಿಕೊಟ್ಟೆ. ಬಗ್ಗಿದ ತಕ್ಷಣ ಅವರ ಉಸಿರು ನಿಂತ ಹಾಗಾಯಿತು. "ಅಯ್ಯ, ತಲಿ ಮ್ಯಾಲ ಎರಡು ಪಟ್ಟಿ ಅದಾವಲ್ರೀ! ಇಷ್ಟ ವರ್ಷ ಬರ್ತಾವ, ನಾ ಇದನ್ನ ನೋಡಿದ್ದಿಲ್ಲ." ಆಮೇಲೆ ಐದು ನಿಮಿಷ ಕಣ್ಣು ತೆಗೆಯಲಿಲ್ಲ. ಈ ಒಂದು ಕಾರಣಕ್ಕೇ ಆ ಐಪೀಸ್ ನನ್ನ ಚೀಲದಲ್ಲಿ ಉಳಿಯುತ್ತದೆ.

ಕನ್ನಡಕದವರಿಗೂ ಅದೇ ಆರಾಮ. ನಾನು ಕನ್ನಡಕ ಹಾಕಿಕೊಂಡೇ ನೋಡುತ್ತೇನೆ. ಜೂಮ್‌ಗಳಲ್ಲಿ ರಬ್ಬರ್ ಕಪ್ ಇಳಿಸಿ ಹತ್ತಿರ ಬಗ್ಗಬೇಕು, ಇಲ್ಲದಿದ್ದರೆ ವೃತ್ತದ ಅಂಚು ಸಿಗುವುದಿಲ್ಲ.

ನನ್ನ ಸ್ಕೋಪಿನಲ್ಲಿ ಈಗ ಸದಾ ಹೈಪೀರಿಯನ್ ಇರುತ್ತದೆ. ಆದರೆ ನನ್ನ ಮಾತು ಕೇಳಿ ಯಾರೂ ಕೂಡಲೇ ಕೊಳ್ಳಬೇಡಿ. ನನ್ನ ಸ್ಕೋಪ್ ಟೆಲಿಸ್ಕೋಪಿನ ಒಂದೂಕಾಲು ಇಂಚಿನ ಐಪೀಸ್‌ಗಳನ್ನು ಹಿಡಿಸಿಕೊಳ್ಳುತ್ತದೆ. ಎಷ್ಟೋ ಕಂಪನಿಯ ಸ್ಕೋಪುಗಳಿಗೆ ಅವರದೇ ಐಪೀಸ್ ಬೇಕು, ಬೇರೆಯದು ಕೂರುವುದೇ ಇಲ್ಲ. ಕೂತರೂ ಕೆಲವು ಸಲ ದೂರದ್ದು ಫೋಕಸ್ ಆಗುವುದಿಲ್ಲ. ಆದ್ದರಿಂದ ಸ್ಕೋಪನ್ನೇ ಅಂಗಡಿಗೋ ಗೆಳೆಯರ ಮನೆಗೋ ಒಯ್ಯಿರಿ. ಕಣ್ಣಿಗೆ ಸಿಗುವ ಅತಿ ದೂರದ ಗುಡ್ಡಕ್ಕೋ ಟವರಿಗೋ ತಿರುಗಿಸಿ. ಮೊದಲು 8 ಮಿ.ಮೀ.ನಲ್ಲಿ ಫೋಕಸ್ ಮಾಡಿ, ಆಮೇಲೆ ನಿಧಾನಕ್ಕೆ 24ಕ್ಕೆ ತಿರುಗಿಸಿ ನೋಡಿ. ಇನ್ನೊಂದು, ಹೀಗೆ ಹೊರಗಿನ ಐಪೀಸ್ ಹಾಕಿದರೆ ಕೂಡಿಸಿದ ಜಾಗದಲ್ಲಿ ಮಳೆನೀರು ಒಳಗೆ ಹೋಗದಂತೆ ತಡೆ ಇರುವುದಿಲ್ಲ. ಮಲೆನಾಡಿನ ಜಿಟಿಜಿಟಿ ಮಳೆಯಲ್ಲಿ ನಾನು ಈಗಲೂ ಜತೆಗೆ ಬಂದ ಹಳೆ ಜೂಮನ್ನೇ ಹಾಕಿಕೊಂಡು, ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೋಗುತ್ತೇನೆ.