ಮರುಪ್ಯಾಕ್ ಮಾಡಿದ ಟಿಎನ್5 ಕಿಣ್ವ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಜೀವಕೋಶದ ಡಿಎನ್‌ಎ ಎಲ್ಲೆಲ್ಲಿ ತೆರೆದುಕೊಂಡಿದೆ ಎಂದು ಪತ್ತೆಹಚ್ಚುವ ಅಟ್ಯಾಕ್-ಸೀಕ್ ಪ್ರಯೋಗಕ್ಕೆಂದು ಟಿಎನ್5 ಟ್ರಾನ್ಸ್‌ಪೋಸೇಸ್ ಕಿಣ್ವವನ್ನು ಸಣ್ಣ ಪ್ರಮಾಣದಲ್ಲಿ, ಕಡಿಮೆ ಬೆಲೆಗೆ ತರಿಸಿಕೊಳ್ಳಲು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಓದಬೇಕು. ತಯಾರಕರ ಮೂಲ ಟ್ಯೂಬಿನಿಂದ ಸಣ್ಣ ಟ್ಯೂಬುಗಳಿಗೆ ಹಂಚಿ ಮಾರುವ ವಿತರಕರೊಬ್ಬರಿಂದ ಬಂದ ಕಿಣ್ವದಿಂದ ನಮ್ಮ ಪ್ರಯೋಗಾಲಯದ ಹಲವು ಮಾದರಿಗಳು ಹಾಳಾದವು. ಅವುಗಳಲ್ಲಿ ರೋಗಿಗಳ ರಕ್ತದಿಂದ ಪಡೆದ, ಮತ್ತೆ ಸಿಗದ ಜೀವಕೋಶಗಳೂ ಇದ್ದವು.

2013ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಪ್ರಕಟಿಸಿದ ಈ ವಿಧಾನಕ್ಕೆ ಸುಮಾರು 50,000 ಜೀವಕೋಶಗಳು ಸಾಕು. ಕ್ರೊಮ್ಯಾಟಿನ್ (ಪ್ರೋಟೀನುಗಳ ಜೊತೆ ಸುತ್ತಿಕೊಂಡಿರುವ ಡಿಎನ್‌ಎ) ತೆರೆದುಕೊಂಡಿರುವ ಕಡೆ ಕಿಣ್ವವು ಡಿಎನ್‌ಎಯನ್ನು ಕತ್ತರಿಸಿ, ತಾನು ಹೊತ್ತು ತಂದ ಅಡಾಪ್ಟರನ್ನು (ಸೀಕ್ವೆನ್ಸಿಂಗ್‌ಗೆ ಬೇಕಾದ ಚಿಕ್ಕ ಡಿಎನ್‌ಎ ತುಂಡನ್ನು) ಅಲ್ಲೇ ಜೋಡಿಸುತ್ತದೆ. ಕೆಲಸ ಮುಗಿದ ಮೇಲೂ ಅದು ಡಿಎನ್‌ಎಯನ್ನು ಬಿಡದೆ ಹಿಡಿದುಕೊಂಡಿರುವುದರಿಂದ ಒಂದು ಕಿಣ್ವ ಸಂಕೀರ್ಣ ಒಂದೇ ಸಲ ಕತ್ತರಿಸಬಲ್ಲದು. ಆದ್ದರಿಂದ ಕಿಣ್ವ ಕಡಿಮೆಯಿದ್ದಾಗ 37 ಡಿಗ್ರಿಯಲ್ಲಿ ಇನ್ನಷ್ಟು ಹೊತ್ತು ಇಟ್ಟರೂ ಆ ಕೊರತೆ ತುಂಬುವುದಿಲ್ಲ.

ನಮಗೆ ಆದದ್ದೂ ಅದೇ. ಸುಮಾರು 200, 400, 600 ಬೇಸ್‌ಜೋಡಿಗಳ ಬಳಿ ಕಾಣಬೇಕಾದ ನ್ಯೂಕ್ಲಿಯೋಸೋಮ್ ಮೆಟ್ಟಿಲುಗಳು (ಡಿಎನ್‌ಎ ಸುತ್ತಿಕೊಂಡ ಪ್ರೋಟೀನ್ ಉಂಡೆಗಳ ನಡುವೆ ಕತ್ತರಿಸಿದಾಗ ಸಿಗುವ, ಸಮ ಅಂತರದ ಗಾತ್ರದ ತುಂಡುಗಳು) ಕಾಣಲೇ ಇಲ್ಲ, ಡಿಎನ್‌ಎ ಬಹುಪಾಲು ದೊಡ್ಡ ತುಂಡುಗಳಾಗಿಯೇ ಉಳಿಯಿತು. ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ಸಿದ್ಧವಾದ ಡಿಎನ್‌ಎ ತುಂಡುಗಳ ಸಂಗ್ರಹ) ಸಾಕಷ್ಟು ಸಿಗದೆ, ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಆವರ್ತಗಳನ್ನು ಹೆಚ್ಚಿಸಿದೆವು; ಸೀಕ್ವೆನ್ಸಿಂಗ್‌ಗೆ ಹಣ ಸುರಿದರೂ ಕೈಗೆ ಬಂದದ್ದು ಒಂದೇ ತುಂಡನ್ನು ಮತ್ತೆ ಮತ್ತೆ ಓದಿದ ನಕಲು ರೀಡ್‌ಗಳ ರಾಶಿ. ವಿತರಕರ ಪ್ರತಿನಿಧಿಯಂತೂ ಕೇಳಿದಾಗಲೆಲ್ಲ "ನಿಮ್ಮ ನ್ಯೂಕ್ಲಿಯಸ್‌ಗಳೇ ಸರಿಯಿಲ್ಲ ಸರ್" ಎಂದು ಕೈತೊಳೆದುಕೊಂಡರು.

ಸುಳಿವು ಸಿಕ್ಕಿದ್ದು ಫ್ರೀಜರಿನಲ್ಲಿ. ಈ ಕಿಣ್ವವನ್ನು ಸಾಮಾನ್ಯವಾಗಿ 50% ಗ್ಲಿಸರಾಲ್‌ನಲ್ಲಿ ಇಡುತ್ತಾರೆ, ಹಾಗಾಗಿ ಮೈನಸ್ 20 ಡಿಗ್ರಿಯಲ್ಲೂ ಅದು ಹೆಪ್ಪುಗಟ್ಟದೆ ಮಂದವಾದ ದ್ರವವಾಗಿಯೇ ಇರಬೇಕು. ಡ್ರೈ ಐಸ್‌ನಲ್ಲಿ ಬಂದ ಟ್ಯೂಬ್ ಮೊದಲು ಗಟ್ಟಿಯಾಗಿರುವುದು ಸಹಜವೇ ಆದರೂ ಮೈನಸ್ 20ರಲ್ಲಿ ಇಟ್ಟ ಮೇಲೆ ಅದು ಕರಗಬೇಕು. ನಮ್ಮ ಟ್ಯೂಬ್ ವಾರಗಳ ನಂತರವೂ ಮಂಜುಗಡ್ಡೆಯಾಗಿಯೇ ಇತ್ತು, ತಲೆಕೆಳಗು ಮಾಡಿ ತಟ್ಟಿದರೂ ಒಳಗಿನದು ಕದಲಲಿಲ್ಲ. ಹಂಚುವಾಗ ಗ್ಲಿಸರಾಲ್ ಕಡಿಮೆಯಾಗುವಂತೆ ಬಫರ್ ದ್ರಾವಣ ಬೆರೆಸಿ ತೆಳುಮಾಡಿದ್ದಾರೆಂಬ ಅನುಮಾನ ಹುಟ್ಟಿದ್ದು ಆಗ.

ತಯಾರಕರಿಂದ ನೇರವಾಗಿ ಕೊಂಡಿದ್ದ ಹಳೆಯ ಲಾಟ್ (ಒಂದೇ ಬಾರಿ ತಯಾರಾದ ಕಿಣ್ವದ ಕಂತು) ಸ್ವಲ್ಪ ಉಳಿದಿತ್ತು. ಶುದ್ಧೀಕರಿಸಿದ ಜೀನೋಮಿಕ್ ಡಿಎನ್‌ಎಯನ್ನು ಸಮಪ್ರಮಾಣದಲ್ಲಿ ತೆಗೆದುಕೊಂಡು, ಎರಡೂ ಕಿಣ್ವಗಳನ್ನು ಪಕ್ಕಪಕ್ಕದಲ್ಲಿ ಪರೀಕ್ಷಿಸಿ, ಅಂಟಿಕೊಂಡ ಕಿಣ್ವವನ್ನು ಎಸ್‌ಡಿಎಸ್ ಎಂಬ ಮಾರ್ಜಕದಿಂದ ಬಿಡಿಸಿದ ಮೇಲೆ, ಡಿಎನ್‌ಎ ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಅಗರೋಸ್ ಜೆಲ್‌ನಲ್ಲಿ ಓಡಿಸಿದೆವು. ಹಳೆಯದರ ಸಾಲಿನಲ್ಲಿ ಡಿಎನ್‌ಎ ಚೂರಾಗಿ ಕೆಳಗಿಳಿದಿತ್ತು, ಹೊಸದರದ್ದು ಮೇಲೆ, ಮಾದರಿ ಹಾಕುವ ಗುಂಡಿಯ ಬಳಿಯೇ ನಿಂತಿತ್ತು. ಈ ಪರೀಕ್ಷೆಯಲ್ಲಿ ನ್ಯೂಕ್ಲಿಯಸ್ಸೇ ಇಲ್ಲದ್ದರಿಂದ ಪ್ರತಿನಿಧಿಯ ಆ ನೆಪಕ್ಕೆ ಜಾಗವಿಲ್ಲ. (ಎಸ್‌ಡಿಎಸ್ ಹಂತವನ್ನು ಯಾರೂ ಬಿಡಬಾರದು, ಕಿಣ್ವ ಹಿಡಿದುಕೊಂಡ ಡಿಎನ್‌ಎ ತುಂಡಾಗಿದ್ದರೂ ತುಂಡಾಗದಂತೆ ಕಾಣಬಹುದು.)

ಮರುಪ್ಯಾಕ್ ಮಾಡಿದ ಟ್ಯೂಬಿಗೆ ತಯಾರಕರ ಮೂಲ ಲಾಟ್ ಸಂಖ್ಯೆಯನ್ನೂ ಆ ಲಾಟ್‌ನ ಗುಣಮಟ್ಟ ಪ್ರಮಾಣಪತ್ರವನ್ನೂ ಲಿಖಿತವಾಗಿ ಕೇಳಿರಿ, ಕೊಡದಿದ್ದರೆ ಆರ್ಡರ್ ಮಾಡಬೇಡಿರಿ. ಹೊಸ ಲಾಟ್ ಬಂದಾಗ ಮೇಲಿನ ಜೆಲ್ ಪರೀಕ್ಷೆಯನ್ನು ಮಾಡದೆ ಅಮೂಲ್ಯ ಮಾದರಿಗಳನ್ನು ಮುಟ್ಟಬೇಡಿರಿ, ಮತ್ತು ಹೋಲಿಸಬೇಕಾದ ಮಾದರಿಗಳನ್ನೆಲ್ಲ ಒಂದೇ ಲಾಟ್‌ನಲ್ಲಿ ಮುಗಿಸಿರಿ. ಜೆಲ್ ಚಿತ್ರವನ್ನು ವಿತರಕರಿಗೆ ಕಳುಹಿಸಿದ್ದೇವೆ. ಹಣ ಹಿಂದಿರುಗಿಸುವ ಮಾತಿಲ್ಲ. ಬದಲಿಗೆ ಅದೇ ಲಾಟ್‌ನ ಇನ್ನೊಂದು ಟ್ಯೂಬನ್ನು ಉಚಿತವಾಗಿ ಕೊಡುತ್ತಾರಂತೆ.